ಗಡಿಗೆಯಂತೆ ಬಡಿದು ನೋಡಿದ ದೋಣಿ

ಮಕ್ಕಳೇ, ನಿನ್ನೆ ನಮ್ಮ ಗೇಟಿಗೆ ಬಣ್ಣ ಹೊಡೆಯುವಾಗ ನೀವೆಲ್ಲ ಮೂಗು ಮುಚ್ಚಿಕೊಂಡು ಓಡಿದಿರಿ. ನಾನು ಮಾತ್ರ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ನನಗೆ ಅದು ನಿಮ್ಮ ಅಜ್ಜನ ವಾಸನೆ. ಅತ್ತರು ಹಚ್ಚುವ ಗಂಡಂದಿರೂ ಇರುತ್ತಾರಂತೆ. ನನಗೆ ಸಿಕ್ಕವರು ಎಣ್ಣೆಬಣ್ಣದವರು.

ತೊಂಬತ್ತರ ದಶಕದಲ್ಲಿ ಗೋಕುಲ ರಸ್ತೆಯಲ್ಲಿ ಅವರದೊಂದು ವೆಲ್ಡಿಂಗ್ ಶೆಡ್ಡು. ಗೇಟು, ಕಿಟಕಿ ಮಾಡಿಕೊಂಡಿದ್ದವರ ಬಳಿಗೆ, ಉಣಕಲ್ ಕೆರೆಗೆ ಬಿಡಲೆಂದು ಯಾರೋ ಹಳೆಯ ಕಬ್ಬಿಣದ ದೋಣಿಯೊಂದನ್ನು ರಿಪೇರಿಗೆ ತಂದರು. ಸಮುದ್ರವಿಲ್ಲದ ಹುಬ್ಬಳ್ಳಿಯಲ್ಲಿ ಇವರು ಹಡಗಿನ ಎಂಜಿನಿಯರರಂತೆ ಓಡಾಡಿದರು. ತುಕ್ಕನ್ನು ಮೇಲೆ ಮೇಲೆ ಕೆರೆದು ನೀಲಿ ಬಣ್ಣ ಬಳಿದರು. ಮರುದಿನ ನೀರಿಗಿಳಿಸಿ, ತಾವೇ ಮೊದಲು ಕೂರುವವರಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ.

ಬುತ್ತಿ ಒಯ್ದವಳು ಬೋರಲು ಹಾಕಿದ್ದ ದೋಣಿಯನ್ನು ಸುತ್ತಿ ನೋಡಿದೆ. ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡಿಯೇ ಕೊಳ್ಳುವ ಚಾಳಿ ನನ್ನದು. ಚಮಚದಿಂದ ಬಡಿಯುತ್ತ ಹೋದೆ. ಎಲ್ಲ ಕಡೆ ಠಣ್ ಎಂದದ್ದು ತಳದ ಒಂದು ಕಡೆ ದಬ್ ಎಂದಿತು. ಗಂಡಸರ ಮುಂದೆ ಬಾಯಿ ಬಿಡುವವಳಲ್ಲ ನಾನು. ಆದರೆ ಕೆರೆಯ ಆಳ ಕಣ್ಣಮುಂದೆ ಬಂತು.

“ಏನ್ರೀ, ಇಲ್ಲಿ ಒಡಕ ಗಡಿಗಿ ಸಪ್ಪಳಾ ಬರಾಕತ್ತೈತಿ ನೋಡ್ರಿ.”

“ಏ, ಇದನ್ನೇನ ಸಾರಿನ ಗಡಿಗಿ ಅಂತ ತಿಳಕೊಂಡಿಯೇನ? ಬಣ್ಣಾ ಹಸೇ ಐತಿ, ಮುಟ್ಟಬ್ಯಾಡ.”

ವೆಲ್ಡರ್ ಹುಸೇನಸಾಬನೂ ನಕ್ಕ. “ವೈನಿ, ಇನ್ನ ಒಗ್ಗರಣಿ ಹಾಕೂದೊಂದ ಉಳದೈತ್ರಿ!”

“ನಗ್ರಿ, ನಗ್ರಿ. ಅಲ್ಲೊಂದ ಏಟ ಹಾಕೂತನಕಾ ನಾ ಬುತ್ತಿ ಬಿಚ್ಚಂಗಿಲ್ಲ.”

ಹಸಿದಿದ್ದರು, ಸುತ್ತಿಗೆ ಎತ್ತಿದರು. ಒಂದೇ ಏಟಿಗೆ ಅದರ ತಲೆ ಒಳಗೆ ಹೋಯಿತು. ಕೂರುವ ಹಲಗೆಗಳ ಕೆಳಗೆ ವರ್ಷಗಟ್ಟಲೆ ನಿಂತ ನೀರು ತಗಡನ್ನು ಒಳಗಿನಿಂದ ತಿಂದಿತ್ತು. ತುಕ್ಕು ಹಪ್ಪಳದ ಹಾಗೆ ಪದರು ಪದರಾಗಿ ಉಬ್ಬುತ್ತದೆ; ನೋಡಲು ದಪ್ಪ, ಒಳಗೆ ಕಬ್ಬಿಣವೆಂಬುದು ಬರೀ ಕಾಗದ.

ನಿಮ್ಮ ಅಜ್ಜ ಅಲ್ಲೇ ಕೂತುಬಿಟ್ಟರು. “ಬರೇ ತೂತಿನ ಮಾತಲ್ಲಿದು. ಮಂದಿ ಕುಂತ್ರ ಭಾರಕ್ಕ ಇಲ್ಲೇ ಬಾಗಿ, ಇಲ್ಲಿಂದನ ಹರಕೋತ ಹೋಗತಿತ್ತು. ಎಂಥಾ ದೊಡ್ಡ ಹಡಗಾದ್ರೂ ಅಷ್ಟ.”

ಸವೆದದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಕೂಡಿಸಲು ನಾಲ್ಕು ದಿನ ಹಿಡಿಯಿತು. ಕೆರೆಯ ದಡದಲ್ಲಿ ಊರ ಮಂದಿಯೆಲ್ಲ ನೆರೆದಾಗ ಅವರು ದೋಣಿಯೊಳಗಿಂದ, “ಬಾ, ನೀನೂ ರಿಪೇರಿ ಮಾಡಿದಾಕಿನ” ಎಂದು ಕೂಗಿ ಕೈ ಚಾಚಿದರು. ನಾಚಿಕೆಯಿಂದ ನೆಲ ನೋಡುತ್ತ ಹತ್ತಿದೆ. ಮಂದಿಯ ಮುಂದೆ ನಾವು ಕೈ ಹಿಡಿದವರೇ ಅಲ್ಲ. ಅವತ್ತು ಒಂದು ಸುತ್ತು ಹಾಕಿ ದಡಕ್ಕೆ ಮರಳಿದರೂ ಹಿಡಿದ ಕೈ ಇಬ್ಬರೂ ಬಿಟ್ಟಿರಲಿಲ್ಲ.

ಇದನ್ನು ಬರೆಯಲೋ ಬೇಡವೋ ಎಂದು ಬೆಳಗಿನಿಂದ ಪೆನ್ನು ಹಿಡಿದು ಕೂತಿದ್ದೆ. ಬರೆದುಬಿಟ್ಟೆ. ಓದುವಾಗ ನನ್ನ ಮುಖ ನೋಡಬೇಡಿ.