ಫ್ಲೋ ಸ್ವಿಚ್ಚಿಗೆ ಬಿಗಿದ ತಂತಿ

ಎಂಟು ಮಹಡಿಯ ಆಸ್ಪತ್ರೆಯನ್ನು ತಂಪಾಗಿಡುವ ಚಿಲ್ಲರ್ ಇರುವುದು ನೆಲಮಾಳಿಗೆಯಲ್ಲಿ. ಇಪ್ಪತ್ತೆರಡು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವವರಿಗೆ ಅಲ್ಲಿ ‘ಮೀಟರ್ ಮಾವ’ ಎಂದೇ ಹೆಸರು. ಹಾಲು ಉಕ್ಕುವುದನ್ನೂ ಗಡಿಯಾರ ನೋಡಿಯೇ ಹೇಳುತ್ತಾರೆ ಎಂಬುದು ಹೆಂಡತಿಯ ದೂರು.

ಆ ಮಧ್ಯಾಹ್ನ ಪಾಳಿಗೆ ಬಂದವರು ಚೀಲ ಇಡುವ ಮೊದಲೇ ಮೀಟರ್ ನೋಡಿದರು. ಹನ್ನೆರಡು ಡಿಗ್ರಿಯಲ್ಲಿ ಒಳಹೋದ ನೀರು ಏಳರಲ್ಲಿ ಹೊರಬರಬೇಕು, ಮೂರರಲ್ಲಿ ಬರುತ್ತಿತ್ತು. ಅಂದರೆ ನೀರಿನ ಹರಿವು ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಹಾಗಾದಾಗ ಯಂತ್ರವನ್ನು ನಿಲ್ಲಿಸಲೆಂದೇ ಪೈಪಿನಲ್ಲಿ ಫ್ಲೋ ಸ್ವಿಚ್ ಇದೆ. ಆದರೂ ಯಂತ್ರ ಓಡುತ್ತಲೇ ಇತ್ತು. ಪ್ಯಾನೆಲ್ ತೆರೆದರೆ, ಸ್ವಿಚ್ಚನ್ನು ಲೆಕ್ಕಕ್ಕೇ ಇಲ್ಲದಂತೆ ಮಾಡಿದ್ದ ಗೇಣುದ್ದದ ಕೆಂಪು ತಂತಿ.

ಬೆಳಗಿನ ಪಾಳಿ ಭಾವಮೈದನದು. ಹೆಂಡತಿಯ ಒಬ್ಬನೇ ತಮ್ಮ, ಇಬ್ಬರು ಮಕ್ಕಳ ತಂದೆ. ಸೋಮವಾರ ಅವನ ಕೆಲಸ ಕಾಯಂ ಆಗುವುದಿತ್ತು.

ಯಂತ್ರ ಮೂರು ಸಲ ನಿಂತಿತೆಂದೂ, ಮೇಲಿನಿಂದ ಫೋನಿನ ಮೇಲೆ ಫೋನ್ ಬಂತೆಂದೂ, ಸ್ವಿಚ್ಚೇ ಕೆಟ್ಟಿರಬೇಕೆಂದೂ ಅವನು ಹೇಳಿದ.

“ನಾಯಿ ಬೊಗಳಿದ್ರೆ ಎದ್ದು ನೋಡ್ಬೇಕು ಕಣೋ,” ಎಂದರು ಮಾವ. “ಅದರ ಬಾಯಿ ಕಟ್ಟಿ ಮಲಗ್ತಾರಾ?”

ನೀರು ಅತಿಯಾಗಿ ತಣ್ಣಗಾದರೆ ತಡೆಯಲು ಇನ್ನೊಂದು ಕಾವಲಿತ್ತು ನಿಜ. ಅದನ್ನು ಪರೀಕ್ಷಿಸಿ ವರ್ಷವಾಗಿತ್ತು. ಅದೂ ಕೈಕೊಟ್ಟರೆ ತಾಮ್ರದ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಅವು ಒಡೆಯುತ್ತವೆ. ಆಪರೇಷನ್ ಕೋಣೆಗಳಿಗೆ ವಾರಗಟ್ಟಲೆ ಬೀಗ. ಮೇಲೆ ಯಾವ ಆಪರೇಷನ್ನೂ ನಡೆಯುತ್ತಿಲ್ಲವೆಂದು ಕೇಳಿಕೊಂಡು ಮಾವ ಯಂತ್ರ ನಿಲ್ಲಿಸಿದರು. ಇಬ್ಬರೂ ಸೇರಿ ಪೈಪಿನ ಜರಡಿ ಬಿಚ್ಚಿದಾಗ ಬೊಗಸೆ ತುಂಬ ತುಕ್ಕು, ಹೋದ ವಾರದ ವೆಲ್ಡಿಂಗಿನ ಕಿಟ್ಟ. ಸ್ವಿಚ್ಚಿಗೆ ಏನೂ ಆಗಿರಲಿಲ್ಲ.

ತೊಳೆದು, ತಂತಿ ಕಿತ್ತು, ಯಂತ್ರ ಮತ್ತೆ ಶುರುವಾಯಿತು. ಉಳಿದದ್ದು ಲಾಗ್ ಪುಸ್ತಕ.

“ತಂತಿ ವಿಷಯ ಬೇಡ ಭಾವ. ಅಕ್ಕನ ಮುಖ ನೋಡಿ.”

“ನಿಮ್ಮಕ್ಕನ ಮುಖ ದಿನಾ ನೋಡ್ತೀನಿ. ಇದನ್ನ ಬರೀದೆ ಬಿಟ್ರೆ, ನಾಳೆ ಇನ್ನೊಬ್ಬ ಇದೇ ಬುದ್ಧಿ ಓಡಿಸ್ತಾನೆ. ನೀನೇ ಬರಿ. ನಾನು ಬರೆದ್ರೆ ಚಾಡಿ ಆಗುತ್ತೆ.”

ಅವನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ನಾಲ್ಕು ಸಾಲು ಬರೆದು ಸಹಿ ಹಾಕಿದ.

ಸೋಮವಾರ ಕಾಯಂ ಆದೇಶ ಬರಲಿಲ್ಲ. ಆರು ತಿಂಗಳು ಮುಂದಕ್ಕೆ ಹೋಯಿತು. ಕೆಲಸ ಉಳಿಯಿತು. ಮನೆಯಲ್ಲಿ ಹೆಂಡತಿ ನಾಲ್ಕು ದಿನ ಮಾತಿಲ್ಲದೆ ಬಡಿಸಿದಳು. ಐದನೆಯ ದಿನ ತಮ್ಮನೇ ಬಂದು, ತಂತಿ ಬಿಗಿದದ್ದು ತಾನು, ಭಾವನ ಮೇಲೇಕೆ ಸಿಟ್ಟು ಎಂದು ಕೇಳಿದ.

“ಇಬ್ಬರ ಮೇಲೂ ಇದೆ,” ಎಂದು ಅವಳು ಇನ್ನೊಂದು ತಟ್ಟೆ ಇಟ್ಟಳು.