ಚೀನಾದ ಕಡಲ ದಾರಿಯಲ್ಲಿ ಒಂದು ಮೀನಿನ ಕಿವಿರು

ಮುಟ್ಟಿದ್ದಷ್ಟೇ! ಮೀನು ಮಾರುವ ಹೆಂಗಸು ಚೀನೀ ಭಾಷೆಯಲ್ಲಿ ನನ್ನ ವಂಶವನ್ನೆಲ್ಲ ಜಾಲಾಡಿಬಿಟ್ಟಳು.

ತಾಳಿ, ಟ್ಯಾಕ್ಸಿ ಹತ್ತಿದಲ್ಲಿಂದ ಹೇಳ್ತೀನಿ.

ಗಂಡನಿಗೆ ಚೀನಾದ ಚಿಂಗ್‌ಡಾವ್‌ನಲ್ಲಿ ನಾಲ್ಕು ದಿನದ ಆಫೀಸ್ ಮೀಟಿಂಗ್. ಸ್ಕೂಲಿಗೆ ಸಮ್ಮರ್ ರಜೆ. ನಾನೂ ಮಗಳು ರೀನಾಳೂ ಇಂಗ್ಲಿಷರ ನಾಡಿನ ನಮ್ಮ ಕೆಂಟನ್ ಮನೆಗೆ ಬೀಗ ಜಡಿದು ಅವರ ಹಿಂದೆಯೇ ಹೊರಟಿದ್ದೆವು. ರೀನಾಗೆ ಹದಿನಾಲ್ಕು. ಮೂರು ತಿಂಗಳಿಂದ ಅವಳಿಗೆ ನನ್ನ ಜತೆ ಕಾಣಿಸಿಕೊಳ್ಳೋದಕ್ಕೇ ನಾಚಿಕೆ. ಟ್ಯೂಬ್ ರೈಲಿನಲ್ಲಿ ನಾನು ಜೋರಾಗಿ ಮಾತಾಡ್ತೀನಂತೆ. ಪೇರೆಂಟ್ಸ್ ಈವ್ನಿಂಗ್‌ಗೆ ಡ್ಯಾಡಿ ಬಂದರೆ ಸಾಕಂತೆ. ಅವರು ಮೀಟಿಂಗಿಗೆ ಹೋದಮೇಲೆ ಕಡಲ ದಾರಿ ಸುತ್ತೋಕೆ ನಾನೊಂದು ಟ್ಯಾಕ್ಸಿ ಹಿಡಿದೆ. ಇಡೀ ದಿನ ಒಂದೇ ಟ್ಯಾಕ್ಸಿಯಲ್ಲಿ ಕೂತರೆ ಮಾತಾಡದೆ ಎಲ್ಲಿಗೆ ಹೋಗ್ತಾಳೆ? ಅದೇ ನನ್ನ ಆಸೆ.

ಡ್ರೈವರ್ ಲಿನ್‌ಗೆ ಬರುತ್ತಿದ್ದ ಇಂಗ್ಲಿಷ್ ಎರಡೇ ಶಬ್ದ: 'ಫೋಟೋ', 'ಬ್ಯೂಟಿಫುಲ್'. ಸಾಕಲ್ಲ! ಆ ರಸ್ತೆಗೆ ಮೂರನೆಯದು ಬೇಕಿರಲಿಲ್ಲ. ಎಡಕ್ಕೆ ಬಂಡೆಗಳ ಬೆಟ್ಟ, ಬಲಕ್ಕೆ ಕಿಟಕಿಗೆ ಅಂಟಿಕೊಂಡೇ ಬರುವ ಕಡಲು. ತಿರುವು ತಿರುವಿಗೂ ನಾನು "ಅಯ್ಯೋ, ಅಲ್ನೋಡೇ!" ಅಂತ ಕಿರುಚುತ್ತಿದ್ದೆ. (ಉಡುಪಿ ಕಡೆಯವಳು ಕಣ್ರೀ, ಕಡಲು ಕಂಡರೆ ಬಾಯಿ ನಿಲ್ಲಲ್ಲ.)

"ಇಟ್ಸ್ ಜಸ್ಟ್ ದ ಸೀ, ಮಮ್" ಅಂದಳು ರೀನಾ, ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ. ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಒಂದು ಮೀನುಗಾರರ ಹಳ್ಳಿಯಲ್ಲಿ ಲಿನ್ ಬ್ರೇಕ್ ಹಾಕಿದ. "ಫೋಟೋ!" ಬಂದರಿನ ದಕ್ಕೆ ತುಂಬ ದೋಣಿ, ಬುಟ್ಟಿ ತುಂಬ ಮೀನು. ಯಾವ ಫೋಟೋ, ಎಲ್ಲಿಯ ಫೋಟೋ? ನನ್ನ ಕೈ ತಾನಾಗಿಯೇ ಹೋಗಿ ಒಂದು ಮೀನಿನ ಕಿವಿರು ಎತ್ತಿತು. ಒಳಗೆ ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು. ಇದನ್ನು ನೋಡದೆ ಮೀನು ತಂದವಳನ್ನು ನಮ್ಮೂರಲ್ಲಿ ಅತ್ತೆಯಂದಿರು ಅಡುಗೆಮನೆಗೇ ಸೇರಿಸಲ್ಲ!

ಆಗಲೇ ಆ ಹೆಂಗಸು ಬೊಬ್ಬೆ ಹೊಡೆದದ್ದು. ಅವಳ ಮೀನಿನ ಮೇಲೆ ನಾನು ಅನುಮಾನಪಟ್ಟಿದ್ದೆನಲ್ಲ!

"ಮಮ್, ಸ್ಟಾಪ್ ಇಟ್!" ರೀನಾ ಓಡಿಹೋಗಿ ಟ್ಯಾಕ್ಸಿಯ ಬಾಗಿಲು ಧಡಾರನೆ ಹಾಕಿಕೊಂಡಳು. ಮುಗೀತು ನನ್ನ ದಿನ ಅಂದುಕೊಂಡೆ. ಅಳುವೇ ಬಂತು.

ಆದರೆ ನಾನು ಎತ್ತಿದ ಕಿವಿರು ಕಂದಿತ್ತು, ಕಂದಿದ್ದು ಕಂದಿದ್ದೇ ತಾನೆ? ಅದನ್ನೇ ಅವಳ ಮುಖಕ್ಕೆ ಹಿಡಿದು ಮೂಗು ಮುರಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು! ಒದ್ದೆ ಗೋಣಿಯಡಿಯಿಂದ ಬೇರೊಂದು ಮೀನು ತೆಗೆದು, ತಾನೇ ಕಿವಿರು ಎತ್ತಿ ತೋರಿಸಿದಳು. ದಾಸವಾಳದ ಕೆಂಪು! ನಾನು ತಲೆದೂಗಿದೆ. ಅವಳು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, ಅಲ್ಲೇ ಒಲೆಯ ಮೇಲೆ ಶುಂಠಿ ಹಾಕಿ ಬೇಯಲಿಟ್ಟಳು.

ಘಮಕ್ಕೋ ನಗುವಿಗೋ, ರೀನಾ ಕೆಳಗಿಳಿದು ಬಂದಳು. "ಹೌ ಡಿಡ್ ಯು ನೋ?"

ಅವಳ ಹೆಬ್ಬೆರಳು ಹಿಡಿದು ಒಂದು ಕಿವಿರು ಎತ್ತಿಸಿದೆ. ಅಷ್ಟೇ ಸಾಕಾಯಿತು, ಉಳಿದ ಬುಟ್ಟಿಯನ್ನೆಲ್ಲ ಅವಳೇ ತಡಕಾಡಿದಳು. "ದಿಸ್ ಒನ್ಸ್ ಫ್ರೆಶ್, ಮಮ್!" ಆ ಹೆಂಗಸೂ ನಾನೂ ಒಟ್ಟಿಗೇ ಹೌದೆಂದೆವು. ಎಂಥ ಖುಷಿ ಅಂತೀರಿ!

ವಾಪಸ್ ದಾರಿಯುದ್ದಕ್ಕೂ ಹುಡುಗಿಯ ಬಾಯಿ ನಿಲ್ಲಲಿಲ್ಲ. ನಡುವೆ ಥಟ್ಟನೆ ಕೇಳಿದಳು: "ವೈ ಡಿಡ್ ಯು ನೆವರ್ ಟೀಚ್ ಮಿ ದಿಸ್?"

ಪಿಯಾನೋ ಕ್ಲಾಸು, ಸ್ವಿಮ್ಮಿಂಗ್ ಕ್ಲಾಸು ಅಂತ ಊರೆಲ್ಲ ಸುತ್ತಿಸಿದೆ. ಮೀನು ಮಾತ್ರ ಪ್ಲಾಸ್ಟಿಕ್ ಕವರಿನ, ಮುಳ್ಳಿಲ್ಲದ ತುಂಡುಗಳನ್ನೇ ತಂದೆ. ಮನೆ ವಾಸನೆ ಬಂದರೆ ಅವಳ ಫ್ರೆಂಡ್ಸ್ ಏನಂದುಕೊಂಡಾರು, ಪಕ್ಕದವರು ಏನಂದಾರು ಅಂತ.

ಹೇಳಿ, ಇಷ್ಟು ವರ್ಷ ನಾಚಿಕೆಪಟ್ಟವರು ಯಾರು?