ಒಂದು ಬೀಗಕ್ಕೆ ನಾಲ್ಕು ಕೈ
ಬೀಗ ರಿಪೇರಿಯವನ ಕೈಗೆ ಬಗ್ಗದ ಬೀಗ ಆ ಪೇಟೆಯಲ್ಲೇ ಇರಲಿಲ್ಲ. ಅದೇ ಹೆಂಡತಿಯ ಪಾಲಿಗೆ ಮುಳುವಾಯಿತು. ಐವತ್ತು ದಾಟಿದ ಆ ಮಹಾರಾಯ ನಿದ್ದೆಯಲ್ಲಿ ಎದ್ದು ನಡೆಯುತ್ತಿದ್ದ. ಮನೆ ಮೂರನೇ ಮಹಡಿ, ಮೆಟ್ಟಿಲಿನ ಕಂಬಿ ಅರ್ಧ ಕಿತ್ತುಹೋಗಿತ್ತು. ಒಳಗಿನಿಂದ ಬೀಗ ಜಡಿದು ಬೀಗದ ಕೈಯನ್ನು ಅವಳು ದಿಂಬಿನಡಿ ಬಚ್ಚಿಟ್ಟರೆ, ಅವಳದೇ ತಲೆಯ ಪಿನ್ನು ಎಳೆದುಕೊಂಡು ತೆಗೆದಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ!

"ನಾನು ನಡೀತೀನಾ? ಕನಸು ಬಿದ್ದಿರ್ಬೇಕು ನಿಂಗೆ," ಎನ್ನುತ್ತಿದ್ದ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವಳೂ ಬಿಡುವವಳಲ್ಲ. ಒಬ್ಬಳೇ ಡಾಕ್ಟರಮ್ಮನ ಹತ್ತಿರ ಹೋದಳು.

"ನಿದ್ದೇಲಿ ನಡೆಯೋರನ್ನ ಎಬ್ಬಿಸಿದ್ರೆ ಹುಚ್ಚು ಹಿಡಿಯುತ್ತಂತೆ, ಹೌದಾ ಮೇಡಂ?"

"ಯಾರಮ್ಮ ಹೇಳಿದ್ದು? ಗಾಬರಿಯಾಗಿ ಕೈ ಬೀಸಬಹುದು, ಅಷ್ಟೇ. ಮೆಲ್ಲಗೆ ಹಾಸಿಗೆ ಕಡೆ ತಿರುಗಿಸಿ. ಎರಡು ವಾರ ಬರೆದಿಡಿ. ಯಾವಾಗ ಮಲಗಿದ್ರು, ಯಾವಾಗ ಎದ್ರು, ಕರೆದ್ರೆ ಓಗೊಟ್ರಾ, ಬೆಳಗ್ಗೆ ನೆನಪಿತ್ತಾ, ಎಲ್ಲಾ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಹಟ ಹಿಡಿದು ಹದಿನಾಲ್ಕು ದಿನ ಬರೆದಳು. ಆರು ಸಲ ನಡೆದಿದ್ದ. ಆರೂ ಸಲ ಮಲಗಿದ ಒಂದೂವರೆ ಗಂಟೆಯೊಳಗೆ, ಅದೂ ಹಿಂದಿನ ರಾತ್ರಿ ನಿದ್ದೆಗೆಟ್ಟು ದುಡಿದಿದ್ದಾಗಲೇ. ಡಾಕ್ಟರಮ್ಮ ಪುಸ್ತಕ ನೋಡಿ ತಲೆದೂಗಿದರು. ಇನ್ನು ನಿದ್ದೆಗೆಡುವಂತಿಲ್ಲ, ಅವನು ಏಳುವ ಹೊತ್ತಿಗೆ ಕಾಲು ಗಂಟೆ ಮೊದಲೇ ಅವಳು ಒಮ್ಮೆ ಎಬ್ಬಿಸಿ ಮಲಗಿಸಬೇಕು, ಬಾಗಿಲು ಭದ್ರವಾಗಿರಬೇಕು ಎಂದರು.

ಪುಸ್ತಕವನ್ನು ಗಂಡನ ಮುಂದೆ ಇಟ್ಟಳು. ಅವನು ಗಟ್ಟಿಯಾಗಿ ಓದಿದ. "'ಬೀಗದ ಕೈ ಕಳ್ಕೊಂಡ್ರಾ ಅಕ್ಕಾ? ಹೆದರ್ಬೇಡಿ, ತೆಗೀತೀನಿ' ಅಂದರು ನಿದ್ದೆಯಲ್ಲೇ." ಕಟ್ಟಿಕೊಂಡವಳನ್ನೇ ಗಿರಾಕಿ ಮಾಡಿದ್ದಕ್ಕೆ ನಗು ಬಂತು. ಕೆಳಗಿನ ಸಾಲು ಓದಿದಾಗ ನಗು ಹೋಯಿತು: "ಮುರಿದ ಕಂಬಿಗೆ ಒಂದೇ ಹೆಜ್ಜೆ ಇತ್ತು. ನನ್ನ ಜೀವವೇ ಹೋದಂತಾಯಿತು."

ಅವತ್ತೇ ಕಂಬಿ ಬೆಸುಗೆ ಹಾಕಿಸಿದ. ಆಮೇಲೆ ಮೂರು ದಿನ ಅಂಗಡಿಯಲ್ಲಿ ಕೂತು ಕಬ್ಬಿಣ ಕುಟ್ಟಿದ. ತಾನೇ ತೆಗೆಯಲಾಗದ ಬೀಗ ಮಾಡಿಯೇ ತೀರುತ್ತೇನೆಂಬ ಛಲ. ನಾಲ್ಕನೆಯ ದಿನ ಬಾಗಿಲಿಗೊಂದು ಹಿಡಿ, ಎಂಟಡಿ ಆಚೆ ಅಡುಗೆಮನೆಯ ಗೋಡೆಗೊಂದು ಹಿಡಿ ಕೂರಿಸಿ, ನಡುವೆ ತಂತಿ ಬಿಗಿದ. ಎರಡನ್ನೂ ಒಟ್ಟಿಗೆ, ಎರಡೆರಡು ಕೈಯಿಂದ ಎಳೆದರೆ ಮಾತ್ರ ಬಾಗಿಲು ತೆರೆಯುತ್ತಿತ್ತು.

"ಇದರ ಬೀಗದ ಕೈ ಎಲ್ರೀ?"

"ಒಂದ್ ಜೊತೆ ನಂದು, ಒಂದ್ ಜೊತೆ ನಿಂದು," ಎಂದು ಅಂಗೈಗಳನ್ನು ತೋರಿಸಿದ.

ಇಬ್ಬರೂ ಎಳೆದು ನೋಡಿದರು. ಬಾಗಿಲು ತೆರೆಯಿತು.

"ನಾನು ನಾಲ್ಕು ದಿನ ತಂಗಿ ಮನೆಗೆ ಹೋದ್ರೆ?"

ಅವನು ತಲೆ ಕೆರೆದುಕೊಂಡ. "ನನ್ನನ್ನೂ ಕರ್ಕೊಂಡು ಹೋಗು ಕಣೇ. ಈ ಬೀಗ ನನ್ನೊಬ್ಬನ ಕೈಲಾಗಲ್ಲ."